ಬನ ಕುಟುಂಬದ್ದೇ ಆಗಿರಲಿ, ಕಾಯುವ ಬಲ ಕೊಡಿ: ಕಾಸರಗೋಡಿನ ಆಡಳಿತಕ್ಕೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

2022ರ ನವೆಂಬರ್ 1ರಂದು ಕೇರಳ ರಾಜ್ಯದಲ್ಲಿ ಶುರುವಾದ ಡಿಜಿಟಲ್ ಸರ್ವೆ ಒಂದೊಂದೇ ವಿಲ್ಲೇಜಿಗೆ ಬರುತ್ತಿದೆ. ಗಡಿಕಲ್ಲು ಎಲ್ಲಿ, ತೋಟ ಯಾರದ್ದು, ದಾರಿ ಎಷ್ಟು ಅಗಲ ಅಂತ ಎಲ್ಲವೂ ಕರಾರುವಾಕ್ಕಾಗಿ ದಾಖಲಾಗುತ್ತಿದೆ. ಒಳ್ಳೆಯ ಕೆಲಸ. ಆದರೆ ನಮ್ಮ ತೋಟಗಳ ಮಧ್ಯೆ, ಗುಡ್ಡದ ಬದಿಯಲ್ಲಿ, ತೋಡಿನ ಪಕ್ಕದಲ್ಲಿ ಇರುವ ನಾಗಬನ, ದೈವದ ಕಾಡು, ಮಲಯಾಳದಲ್ಲಿ ಕಾವು ಎನ್ನುವ ದೇವರಕಾಡು ಇವೆಲ್ಲ ದಾಖಲೆಯಲ್ಲಿ ಬರೀ ಇನ್ನೊಂದು ಖಾಸಗಿ ಜಾಗ. ಗದ್ದೆಯಾದರೆ ನಿಲಂ, ಅಲ್ಲದಿದ್ದರೆ ಪುರಯಿಡಂ. ಅಡಿಕೆ ಹಾಕಿದ ಜಾಗಕ್ಕೂ ತಲೆಮಾರುಗಳಿಂದ ಕತ್ತಿ ತಾಗದ ಕಾಡಿಗೂ ಕಾಗದದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಸರಿ ಮಾಡಿ ಎಂದು ಕೇಳಲು ಈ ಪತ್ರ.

ನಾನು ಮಂಜೇಶ್ವರ ತಾಲೂಕಿನ ಕೃಷಿಕ. ನಮ್ಮ ಕುಟುಂಬಕ್ಕೂ ಒಂದು ಬನ ಇದೆ. ಅದರ ಒಡೆತನ ಯಾರದ್ದು ಅಂತ ಕೇಳಿದರೆ ಒಬ್ಬರ ಹೆಸರು ಹೇಳಲು ಆಗುವುದಿಲ್ಲ. ತೀರುವೆ, ಅಂದರೆ ಭೂಕಂದಾಯದ ರಶೀದಿಯಲ್ಲಿ ಒಂದು ಹೆಸರು ಇದೆ. ತಂಬಿಲದ ಪೂಜೆಗೆ ಸೇರುವವರು ಹತ್ತಾರು ಮನೆಯವರು. ಅದರಲ್ಲಿ ಮರ ಕಡಿಯುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಒಣಗಿ ಬಿದ್ದ ಮರವನ್ನೂ ಅಲ್ಲೇ ಬಿಡಬೇಕು. ಒಳಗೆ ಹೋಗಲಿಕ್ಕೆ ದಿನ ಇದೆ, ಹೊತ್ತು ಇದೆ. ಉಳಿದ ದಿನ ಬನ ಬನದ ಪಾಡಿಗೆ ಇರಬೇಕು. ಇದನ್ನೆಲ್ಲ ಯಾವ ಸರಕಾರವೂ ಬರೆದು ಕೊಟ್ಟದ್ದಲ್ಲ. ಆದರೂ ಜನ ಪಾಲಿಸಿದರು. ಸುತ್ತಲಿನ ಗುಡ್ಡ ಗೇರು ತೋಟವಾಯಿತು, ಆಮೇಲೆ ರಬ್ಬರ್ ಆಯಿತು, ಕೆಲವು ಕಡೆ ಕೆಂಪುಕಲ್ಲಿನ ಕೋರೆಯೂ ಆಯಿತು. ಹಾಗೆ ಪಾಲಿಸಿದ್ದರಿಂದಲೇ ನಡುವಿನ ಆ ಅರ್ಧ ಎಕರೆ, ಒಂದು ಎಕರೆ ಮಾತ್ರ ಉಳಿಯಿತು.

ಆ ಒಂದು ಎಕರೆಯಲ್ಲಿ ಏನಿದೆ ಅಂತ ಕೇಳುವವರಿದ್ದಾರೆ. ಹಾಲೆ ಮರ ಇದೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯಕ್ಕೆ ಅದರ ತೊಗಟೆ ಬೇಕೇ ಬೇಕು, ತರಲು ಮರ ಉಳಿದಿರುವುದು ಇಂಥ ಕಡೆ. ರೆಂಜೆ, ನೇರಳೆ, ಧೂಪ, ಬೈನೆ, ಕಾಸರಕ ಇವೆ. ಮರದಿಂದ ಮರಕ್ಕೆ ಹಬ್ಬಿದ ದಪ್ಪ ಬಳ್ಳಿಗಳಿವೆ. ಮಂಗಟ್ಟೆ ಹಕ್ಕಿ ಗೂಡು ಮಾಡಬೇಕಾದರೆ ಪೊಟರೆ ಇರುವ ಹಳೆಯ ದೊಡ್ಡ ಮರ ಬೇಕು. ತೋಟದ ಅಡಿಕೆ ಮರದಲ್ಲಿ ಅದು ಎಲ್ಲಿ ಗೂಡು ಕಟ್ಟೀತು? ಬಾವಲಿಗಳಿಗೆ ಹಗಲು ತೂಗಾಡಲು ನೆರಳು ಬೇಕು. ಅವು ರಾತ್ರಿ ಹಣ್ಣು ತಿಂದು ಬೀಜ ಉದುರಿಸಿದ್ದರಿಂದಲೇ ಗುಡ್ಡದಲ್ಲಿ ಹೊಸ ಗಿಡ ಹುಟ್ಟುವುದು.

ಎಲ್ಲಕ್ಕಿಂತ ದೊಡ್ಡ ವಿಷಯ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಓಡಿ, ಹೊಳೆ ಸೇರಿ, ಕಡಲಿಗೆ ಹೋಗುತ್ತದೆ. ಜಿಲ್ಲೆಯಲ್ಲಿ ಹನ್ನೆರಡು ನದಿಗಳಿವೆ. ಆದರೂ ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಪಡ್ರೆ, ಬಾಯಾರು, ಶೇಣಿ ಕಡೆಯ ಹಿರಿಯರು ಗುಡ್ಡಕ್ಕೆ ಅಡ್ಡಡ್ಡವಾಗಿ ಸುರಂಗ ಕೊರೆದು ಕುಡಿಯುವ ನೀರು, ತೋಟದ ನೀರು ಎರಡನ್ನೂ ತಂದರು. ಪಂಪು ಬೇಡ, ಕರೆಂಟು ಬೇಡ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಪದರದಲ್ಲಿ ಇಂಗಿದ ನೀರು ತಾನಾಗಿಯೇ ಹೊರಗೆ ಬರುತ್ತದೆ. ಆ ನೀರು ಬರಬೇಕಾದರೆ ಸುರಂಗದ ತಲೆಯ ಮೇಲಿನ ಗುಡ್ಡದಲ್ಲಿ ಮಳೆ ಇಂಗಬೇಕು. ಇಂಗಬೇಕಾದರೆ ಮಣ್ಣಿನ ಮೇಲೆ ತರಗೆಲೆ ಇರಬೇಕು, ಬೇರು ಇರಬೇಕು. ಗುಡ್ಡದ ಮೇಲೆ ಮಾಡಿದ್ದು ಕೆಳಗಿನ ಮನೆಯ ನೀರಿಗೆ ಬರುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳ ಫಲವನ್ನು ಈಗಲೂ ಮನೆಮನೆಯಲ್ಲಿ ಅನುಭವಿಸುತ್ತಿದ್ದೇವೆ.

ಇಷ್ಟು ವರ್ಷ ಉಳಿದದ್ದು ಈಗ ಯಾಕೆ ಹೋಗುತ್ತಿದೆ? ಭಕ್ತಿ ಕಡಿಮೆಯಾಯಿತು ಅಂತ ಹೇಳುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಿಂದಿಗಿಂತ ಈಗ ಆಶ್ಲೇಷಾ ಬಲಿ ಜಾಸ್ತಿ, ಬ್ರಹ್ಮಕಲಶ ಜಾಸ್ತಿ. ಮುಖ್ಯ ಕಾರಣ ಬೇರೆ. 1975ರಲ್ಲಿ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡುವ ಕಾನೂನು ಬಂತು. 1976ರ ಡಿಸೆಂಬರ್ 1ರಿಂದ ಜಾರಿಯಾಯಿತು. ಅಳಿಯಕಟ್ಟಿನ ಕುಟುಂಬವಾಗಲಿ, ಮಲಯಾಳಿಗಳ ಕೂಡುಕುಟುಂಬವಾದ ತರವಾಡಾಗಲಿ, ಆಸ್ತಿ ಒಟ್ಟಾಗಿ ಇರುವ ಹಳೆಯ ವ್ಯವಸ್ಥೆ ಅಲ್ಲಿಗೆ ಮುಗಿಯಿತು. ಪ್ರತಿಯೊಬ್ಬರಿಗೂ ಅವರವರ ಪಾಲು. ಆ ಕಾನೂನು ತಪ್ಪು ಎಂದು ನಾನು ಹೇಳುವುದಿಲ್ಲ. ಹಳೆಯ ಕುಟುಂಬದಲ್ಲಿ ಯಜಮಾನನ ಮಾತೇ ಕೊನೆಯ ಮಾತು, ಕಿರಿಯರಿಗೆ ಬಾಯಿ ಇರಲಿಲ್ಲ. ಹೆಣ್ಣುಮಕ್ಕಳ ಹೆಸರಿನಲ್ಲಿ ವಂಶ ನಡೆಯುತ್ತಿತ್ತು, ವ್ಯವಹಾರ ಮಾತ್ರ ಗಂಡಸರ ಕೈಯಲ್ಲಿತ್ತು. ಪಾಲು ಆಗಬೇಕಾದದ್ದೇ. ಆದರೆ ಗದ್ದೆ, ತೋಟ, ಮನೆ ಪಾಲಾಗುವಾಗ ಬನವನ್ನು ಏನು ಮಾಡಬೇಕೆಂದು ಆ ಕಾನೂನು ಯೋಚಿಸಲಿಲ್ಲ. ಕೆಲವು ಕುಟುಂಬಗಳು ಪಾಲುಪಟ್ಟಿಯಲ್ಲಿ ಬನವನ್ನು ಒಟ್ಟಾಗಿಯೇ ಇಟ್ಟವು. ಕೆಲವರು ಯಾರದ್ದೋ ಒಬ್ಬರ ಪಾಲಿಗೆ ಸೇರಿಸಿದರು. ಅವರ ಮಕ್ಕಳು ಮಾರಿದರೆ, ಕೊಂಡವರಿಗೆ ಆ ಬನದ ಕಟ್ಟಳೆ ಗೊತ್ತಿಲ್ಲ, ಗೊತ್ತಿದ್ದರೂ ಪಾಲಿಸಬೇಕೆಂದು ಇಲ್ಲ. ನಾಗನ ಕಲ್ಲನ್ನು ಬೇರೆ ಕಡೆ ಪ್ರತಿಷ್ಠೆ ಮಾಡಿಸಿದರೆ ಆಯಿತು, ಜೆಸಿಬಿ ಬರಬಹುದು.

ಇನ್ನೊಂದು ಸಂಗತಿ ಹೇಳಲು ಬೇಸರವಾಗುತ್ತದೆ, ಹೇಳಲೇಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ನಾವೇ ಬನ ಹಾಳು ಮಾಡುತ್ತಿದ್ದೇವೆ. ಮರ ಕಡಿದು, ನೆಲ ಸಮ ಮಾಡಿ, ಇಂಟರ್‌ಲಾಕ್ ಹಾಸಿ, ಸುತ್ತ ಗೋಡೆ ಕಟ್ಟಿ, ಮೇಲೆ ಶೀಟು ಹಾಕಿ, ನಡುವೆ ಗ್ರಾನೈಟಿನ ಕಟ್ಟೆ. ನಾಗನಿಗೆ ಬೇಕಾದ್ದು ತಂಪು, ಹುತ್ತ, ತರಗೆಲೆ, ಕಪ್ಪೆ, ಇಲಿ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಹಾವು ಇರುವುದುಂಟಾ? ತಂತ್ರಿಗಳಲ್ಲಿ, ಜ್ಯೋತಿಷ ಹೇಳುವ ಪುದುವಾಳರಲ್ಲಿ, ಕುಟುಂಬದ ಹಿರಿಯರಲ್ಲಿ ನನ್ನದೊಂದು ಕೈಮುಗಿದ ಬೇಡಿಕೆ: ಜ್ಯೋತಿಷದ ಪ್ರಶ್ನೆಯಲ್ಲಿ ಪರಿಹಾರ ಹೇಳುವಾಗ ಒಂದು ಗಿಡ ನೆಡಲು ಹೇಳಿ, ದಯವಿಟ್ಟು ಮರ ತೆಗೆಯಲು ಹೇಳಬೇಡಿ.

ಜಿಲ್ಲಾಧಿಕಾರಿಗಳೇ, ಈಗ ನಿಮ್ಮ ಕಡೆಯ ಮಾತಿಗೆ ಬರುತ್ತೇನೆ. ಬನದ ಬಗ್ಗೆ ಸರಕಾರಕ್ಕೆ ತಿಳಿಸಿ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಹುಟ್ಟುವುದು ಹೆದರಿಕೆ. ಕಾಡು ಅಂತ ಬರೆಸಿದರೆ ಜಾಗ ಅರಣ್ಯ ಇಲಾಖೆಗೆ ಹೋದೀತು ಎಂಬ ಹೆದರಿಕೆ. ಇದು ಸುಮ್ನೆ ಹುಟ್ಟಿದ್ದಲ್ಲ. 1971ರ ಕಾನೂನಿನಲ್ಲಿ ಮಲಬಾರಿನ ಖಾಸಗಿ ಕಾಡುಗಳು ಸರಕಾರದ ವಶವಾದವು. 2003ರಲ್ಲಿ ಪರಿಸರ ಸೂಕ್ಷ್ಮ ಭೂಮಿಯ ಕಾನೂನು ಬಂದಾಗಲೂ ಗುಡ್ಡಗಾಡಿನ ಕೃಷಿಕರು ಜಾಗ ಕಳೆದುಕೊಂಡರು, ಕೋರ್ಟು ಕಚೇರಿ ಅಲೆದರು. ಅದನ್ನು ಕೇಳಿ ಬೆಳೆದವರು ಬನದ ಸುದ್ದಿಯನ್ನೇ ಎತ್ತುವುದಿಲ್ಲ. ಕಾಡಿದ್ದರೆ ತೊಂದರೆ, ಇಲ್ಲದಿದ್ದರೆ ನೆಮ್ಮದಿ ಎಂಬ ಲೆಕ್ಕಾಚಾರಕ್ಕೆ ಜನ ಬಂದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ. ಅದಕ್ಕೇ ನನ್ನ ಬೇಡಿಕೆ ಎರಡು ತುದಿಗಳ ನಡುವಿನದು. ಜಾಗ ತೆಗೆದುಕೊಳ್ಳಬೇಡಿ. ಕೈ ಬಿಡಲೂ ಬೇಡಿ. ನಮ್ಮ ಕಟ್ಟಳೆಗೆ ಕಾನೂನಿನ ಬಲ ಕೊಡಿ.

ಇದಕ್ಕೆ ಬೇಕಾದ ಕಾನೂನು ಈಗಾಗಲೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ಏರ್ಪಾಡು ಬಂತು. ಖಾಸಗಿ ಅಥವಾ ಸಮುದಾಯದ ಜಾಗವನ್ನು ಕಾಯಲು ಒಡೆಯರೇ ಮುಂದೆ ಬಂದರೆ ರಾಜ್ಯ ಸರಕಾರ ಅದನ್ನು ಘೋಷಿಸಬಹುದು. ಒಡೆತನ ಬದಲಾಗುವುದಿಲ್ಲ. ಆಮೇಲೆ ಜಾಗದ ಬಳಕೆ ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯ ಬೇಕು, ಸರಕಾರದ ಒಪ್ಪಿಗೆ ಬೇಕು. ಖಾಸಗಿ ಜಾಗವಾದರೆ ಆ ಸಮಿತಿಯಲ್ಲಿ ಒಡೆಯರೂ ಇರಬೇಕೆಂದು 2022ರ ತಿದ್ದುಪಡಿ ಹೇಳಿದೆ. ಅಂದರೆ ಪಾಲುದಾರರಲ್ಲಿ ಒಬ್ಬರು ಮನಸ್ಸು ಬದಲಿಸಿ ಮಾರಿದರೂ ಕೊಂಡವರು ಮರ ಕಡಿದು ಕೋರೆ ತೆರೆಯಲು ಆಗುವುದಿಲ್ಲ. ನಮಗೆ ಬೇಕಾದ್ದು ಇದೇ ಅಲ್ವಾ?

ಕೇರಳಕ್ಕೆ ಇದು ಹೊಸದೂ ಅಲ್ಲ. ಕಡಲುಂಡಿ-ವಳ್ಳಿಕ್ಕುನ್ನ್ 2007ರಲ್ಲೇ ಸಮುದಾಯ ಮೀಸಲು ಆಯಿತು. ಅದೇ ವರ್ಷ ಕರ್ನಾಟಕದಲ್ಲಿ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಕೂಡ ಆಯಿತು. ಅಲ್ಲಿ ಹಕ್ಕಿ ಗೂಡು ಕಟ್ಟುವುದು ಜನರ ಹಿತ್ತಿಲಿನ ಹುಣಸೆ ಮರದಲ್ಲಿ. ಜೈವಿಕ ವೈವಿಧ್ಯ ಕಾಯ್ದೆಯ 37ನೇ ಕಲಮಿನಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸುವ ದಾರಿ ಬೇರೆ ಇದೆ. ಸ್ಥಳೀಯ ಪಂಚಾಯತನ್ನು ಕೇಳಿಯೇ ಅದನ್ನು ಮಾಡಬೇಕು. ಅದರಿಂದ ಯಾರಿಗಾದರೂ ಆದಾಯ ಕಳೆದುಹೋದರೆ ಪರಿಹಾರದ ಯೋಜನೆ ಮಾಡಬಹುದು ಅಂತಲೂ ಇದೆ. ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆ ತೋಪು ಈ ದಾರಿಯಲ್ಲಿ ದೇಶದ ಮೊದಲ ತಾಣವಾಯಿತು. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ದೇವರಕಾಡುಗಳ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಅವುಗಳನ್ನು ಗುರುತಿಸಿ ನಕ್ಷೆ ಮಾಡಬೇಕು, ಸಮುದಾಯ ಮೀಸಲಾಗಿ ಕಾಯಬೇಕು ಎಂದಿತು. ಇಡೀ ದೇಶದ ದೇವರಕಾಡುಗಳಿಗೆ ಒಂದು ನೀತಿ ರೂಪಿಸಿ ಎಂದು ಕೇಂದ್ರಕ್ಕೂ ಹೇಳಿತು. ದಿಲ್ಲಿಯಿಂದ ಆ ನೀತಿ ಬರುವವರೆಗೆ ನಾವು ಕಾಯಬೇಕಾಗಿಲ್ಲ.

ಆದರೆ ಬರೀ ಘೋಷಣೆ ಮಾಡಿ ಬೋರ್ಡು ನೆಟ್ಟರೆ ಸಾಕಾಗುವುದಿಲ್ಲ. ಇದಕ್ಕೆ ದೂರದ ಒಂದು ಊರಿನ ಕತೆ ಹೇಳಬೇಕು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ರೆನೆಲ್ ಎಂಬ ದ್ವೀಪ ಇದೆ. ಉದ್ದ 86 ಕಿಲೋಮೀಟರ್, ಅಗಲ 15. ಹವಳದ ದಿಬ್ಬ ಕಡಲಿನಿಂದ ಮೇಲೆದ್ದು ಆದ ನೆಲ ಅದು, ಮೇಲೆಲ್ಲ ದಟ್ಟ ಕಾಡು. ಅದರ ಪೂರ್ವ ಭಾಗದಲ್ಲಿ 15,500 ಹೆಕ್ಟೇರಿನ ತೆಗಾನೋ ಎಂಬ ಸರೋವರ. ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಸುಮಾರು 1,200 ಜನ ತರಕಾರಿ ಬೆಳೆದು, ಬೇಟೆಯಾಡಿ, ಮೀನು ಹಿಡಿದು ಬದುಕುತ್ತಾರೆ. ನೆಲವೆಲ್ಲ ಅವರ ಪದ್ಧತಿಯ ಪ್ರಕಾರ ಅವರದ್ದೇ. 1998ರಲ್ಲಿ ಯುನೆಸ್ಕೋ ಪೂರ್ವ ರೆನೆಲ್‌ನ 37,000 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನರ ಸಾಂಪ್ರದಾಯಿಕ ಒಡೆತನ ಮತ್ತು ನಿರ್ವಹಣೆಯಲ್ಲೇ ಇರುವ ನೈಸರ್ಗಿಕ ತಾಣವೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಭೂಮಿ ಕಿತ್ತುಕೊಳ್ಳದೆ ಪರಂಪರೆ ಕಾಯಬಹುದು ಎಂದು ಜಗತ್ತು ಅಂದು ಒಪ್ಪಿಕೊಂಡಿತು.

ಆಮೇಲೆ ಆದದ್ದೂ ಗೊತ್ತಿರಬೇಕು. 2013ರಲ್ಲಿ ಅದೇ ತಾಣ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹೋಯಿತು. ಮುಖ್ಯ ಕಾರಣ ಮರ ಕಡಿಯುವ ವ್ಯಾಪಾರ. ಪಶ್ಚಿಮ ಭಾಗದಲ್ಲಿ ಮರದ ಜೊತೆಗೆ ಬಾಕ್ಸೈಟ್ ಎಂಬ ಅಲ್ಯುಮಿನಿಯಂ ಅದಿರಿನ ಗಣಿಯೂ ಬಂತು. 2019ರ ಫೆಬ್ರವರಿಯಲ್ಲಿ ಬಾಕ್ಸೈಟ್ ತುಂಬಲು ಬಂದ ಹಡಗು ಕಂಗಾವ ಕೊಲ್ಲಿಯ ಹವಳದ ದಂಡೆಗೆ ಬಡಿದು ಅದರ ಎಣ್ಣೆ ಕಡಲಿಗೆ ಸೋರಿತು. ಜಾಗ ಕಾಯುವ ಜನರಿಗೆ ಅದರಿಂದ ಶಾಲೆ, ಆಸ್ಪತ್ರೆ, ಕೈಗೆ ಒಂದಿಷ್ಟು ಕಾಸು ಸಿಗದಿದ್ದರೆ ಮರದ ವ್ಯಾಪಾರಿಯ ಮಾತು ಕಿವಿಗೆ ಹಿತವಾಗುತ್ತದೆ. ಅದರಲ್ಲಿ ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಬಾಕ್ಸೈಟ್ ನಮಗೂ ದೂರದ ಸುದ್ದಿಯಲ್ಲ. ನಮ್ಮ ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ ಕೆಂಪು ಮಣ್ಣಿನಲ್ಲೂ ಅದಿದೆ. ಕಿನಾನೂರು-ಕರಿಂದಳಂ ಪಂಚಾಯತಿನ ಕಡಲಾಡಿಪ್ಪಾರೆಯಲ್ಲಿ ಗಣಿ ಮಾಡುವ ಪ್ರಸ್ತಾಪ ಬಂದಾಗ ಊರವರು ಗಟ್ಟಿಯಾಗಿ ನಿಂತು ವಿರೋಧಿಸಿದ್ದನ್ನು ಜಿಲ್ಲೆ ನೋಡಿದೆ. ಹೆದ್ದಾರಿ ಆರು ಪಥವಾಗುವಾಗ ಮಣ್ಣಿಗಾಗಿ ಗುಡ್ಡಗಳೇ ಕರಗಿದವು. ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಕುಸಿದು ಹೆದ್ದಾರಿಗೇ ಬಿತ್ತು. ಹಣದ ಆಸೆ ತೋರಿಸುವವರು ನಾಳೆ ನಮ್ಮ ಬನದ ಬದಿಗೂ ಬರುತ್ತಾರೆ. ಆಗ ಪಾಲುದಾರರಲ್ಲಿ ಬೇಡ ಎನ್ನುವವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು.

ಹಾಗಾಗಿ ಇಲ್ಲಿಂದ ಶುರು ಮಾಡಬಹುದು. ಡಿಜಿಟಲ್ ಸರ್ವೆ ತಂಡ ಜಾಗಕ್ಕೆ ಬಂದಾಗ, ಕುಟುಂಬ ಒಪ್ಪಿದರೆ, ಬನದ ಗಡಿಯನ್ನು ಪ್ರತ್ಯೇಕವಾಗಿ ಗುರುತು ಮಾಡಲಿ. ಒಡೆತನದ ಕಾಲಂನಲ್ಲಿ ಒಡೆಯರ ಹೆಸರೇ ಇರಲಿ, ಷರಾದಲ್ಲಿ ಕಾವು ಅಥವಾ ಬನ ಎಂದು ಒಂದು ಸಾಲು ಬರಲಿ. ಪದ್ಧತಿಯನ್ನು ಕಂದಾಯದ ಕಾಗದಕ್ಕೆ ತರುವುದು ಈ ನೆಲಕ್ಕೆ ಹೊಸತಲ್ಲ. 1956ರ ಮೊದಲು ನಾವು ದಕ್ಷಿಣ ಕನ್ನಡದಲ್ಲಿದ್ದಾಗ ಕುಮ್ಕಿ ಹಕ್ಕು ಇತ್ತು. ವರ್ಗ ಜಾಗಕ್ಕೆ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗಕ್ಕೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಹುಲ್ಲು, ಸೌದೆ ತರಬಹುದಿತ್ತು. ಬ್ರಿಟಿಷರ ಕಾಲದ ಕಂದಾಯ ಅಧಿಕಾರಿಗಳಿಗೇ ಅದು ಸಾಧ್ಯವಾಗಿತ್ತು.

ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ. ಜನತಾ ಜೀವವೈವಿಧ್ಯ ದಾಖಲೆಯೂ ಇದೆ. ಅದು ಕಪಾಟಿನಲ್ಲಿ ಕೂರುವ ಪುಸ್ತಕ ಆಗಬಾರದು. ಯಾವ ಬನದಲ್ಲಿ ಯಾವ ಮರ, ಯಾವ ಹಕ್ಕಿ, ಪಕ್ಕದಲ್ಲಿ ಸುರಂಗ ಇದೆಯಾ, ಮಳೆನೀರು ನಿಲ್ಲುವ ಮದಕ ಇದೆಯಾ ಎಂದು ಶಾಲೆಯ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿ ಬರೆಸಿ. ದೈವಸ್ಥಾನಗಳ ಪಾತ್ರಿಗಳು, ಮದ್ದಿನ ಗಿಡ ಗೊತ್ತಿರುವ ಅಜ್ಜಿಯಂದಿರು ಇನ್ನೂ ಇದ್ದಾರೆ.

ಪದ್ಧತಿಯ ಒಡೆತನ ಎನ್ನುವಾಗ ತೀರುವೆ ಕಟ್ಟುವ ಮನೆಯವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಕೊರಗರು ಬುಟ್ಟಿ ಹೆಣೆಯುವುದು ಕಾಡಿನ ಬಳ್ಳಿಗಳಿಂದ. ಮಾವಿಲರು, ಮಲೆವೆಟ್ಟುವರು ಎಂಬ ಬುಡಕಟ್ಟಿನವರು ಈ ಗುಡ್ಡಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು. ದೈವ ಕಟ್ಟುವ ಸಮುದಾಯಗಳಿಗೆ ಆ ಜಾಗದ ಜೊತೆ ಇರುವ ಸಂಬಂಧ ಯಾವ ದಸ್ತಾವೇಜಿನಲ್ಲೂ ಇಲ್ಲ. ನಮ್ಮ ಪದ್ಧತಿಯಲ್ಲಿ ಅವರನ್ನು ಹೊರಗೆ ನಿಲ್ಲಿಸಿದ ಅನ್ಯಾಯವೂ ಸೇರಿದೆ. ಹೊಸ ಸಮಿತಿ ಆ ಅನ್ಯಾಯವನ್ನು ಮುಂದುವರಿಸಬಾರದು. ಅವರ ಪ್ರತಿನಿಧಿ ಇಲ್ಲದೆ ಯಾವ ಬನದ ಸಮಿತಿಯೂ ಆಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣದ ಮಾತನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾವುಗಳನ್ನು ಕಾಯುವವರಿಗೆ ಅರಣ್ಯ ಇಲಾಖೆಯಿಂದ ಸಹಾಯಧನದ ಯೋಜನೆ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಬನ ಇರುವಷ್ಟು ಜಾಗದ ತೀರುವೆಯನ್ನಾದರೂ ಬಿಡಿ. ಸುತ್ತ ಬೇಲಿಗೆ, ಹಳೆಯ ಜಾತಿಯ ಗಿಡಗಳ ನರ್ಸರಿಗೆ ಪಂಚಾಯತಿನ ಯೋಜನೆಯಲ್ಲಿ ಹಣ ಇಡಿ. ಉದ್ಯೋಗ ಖಾತರಿಯಲ್ಲಿ ಬನದ ಹೊರಗಿನ ಇಳಿಜಾರಿನಲ್ಲಿ ಇಂಗುಗುಂಡಿ, ಮದಕದ ಹೂಳು ತೆಗೆಯುವ ಕೆಲಸ ಮಾಡಿಸಿ. ಒಂದು ಕೆಲಸ ಮಾತ್ರ ಬೇಡ. ಪ್ರವಾಸೋದ್ಯಮದ ಹೆಸರಿನಲ್ಲಿ ಬನದೊಳಗೆ ದಾರಿ, ಲೈಟು, ಸೆಲ್ಫಿ ಪಾಯಿಂಟ್ ಮಾಡಬೇಡಿ.

ಜಿಲ್ಲಾ ಪಂಚಾಯತಿನವರೇ, ನಿಮ್ಮಿಂದ ಇದು ಆಗುತ್ತದೆ ಎಂಬ ನಂಬಿಕೆ ಸುಮ್ಮನೆ ಬಂದದ್ದಲ್ಲ. 2023ರಲ್ಲಿ ನೀವು ಜಿಲ್ಲೆಗೆಂದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿದಿರಿ. ಕಾಸರಕ ಮರ, ಪೆರಿಯದ ಮುರಕಲ್ಲಿನ ತೋಡಿನಲ್ಲಿ ಅರಳುವ ಲಿಲ್ಲಿ ಹೂ, ಬಿಳಿಹೊಟ್ಟೆಯ ಕಡಲ ಗಿಡುಗ, ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ಬೇರೆ ಯಾವ ಜಿಲ್ಲೆಯೂ ಅದಕ್ಕೆ ಮೊದಲು ಹಾಗೆ ಮಾಡಿರಲಿಲ್ಲ. ನಾವೆಲ್ಲ ಹೆಮ್ಮೆಪಟ್ಟೆವು. ಈಗ ಅವು ಇರುವ ಜಾಗದ ಸರದಿ. ಕಾಸರಕ ಉಳಿದಿರುವುದು ಬನದಲ್ಲಿ. ಕಡಲ ಗಿಡುಗಕ್ಕೆ ಗೂಡು ಕಟ್ಟಲು ಎತ್ತರದ ಹಳೆಯ ಮರ ಬೇಕು. ಅಂಥ ಮರ ಯಾರದ್ದೋ ಖಾಸಗಿ ಜಾಗದಲ್ಲೇ ಇರುತ್ತದೆ.

ಇನ್ನೊಂದು ಸಣ್ಣ ಮಾತು, ನಮಗದು ಸಣ್ಣದಲ್ಲ. ಈ ವಿಷಯದ ನೋಟಿಸು, ಅರ್ಜಿ, ಒಪ್ಪಿಗೆ ಪತ್ರ ಎಲ್ಲ ಕನ್ನಡದಲ್ಲೂ ಬರಬೇಕು. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸಬಹುದು ಎಂದು 1969ರ ರಾಜ್ಯ ಭಾಷಾ ಕಾನೂನೇ ಹೇಳುತ್ತದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಬನವನ್ನು ಒಪ್ಪಿಸಲು ಯಾವ ಹಿರಿಯರೂ ತಯಾರಿಲ್ಲ. ಕೊಟ್ಟ ಮಾತು ಕಾಗದದಲ್ಲಿ ತಮ್ಮ ಭಾಷೆಯಲ್ಲೇ ಕಂಡರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಮೊದಲ ಹೆಜ್ಜೆಯಾಗಿ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪಂಚಾಯತುಗಳಲ್ಲಿ ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಬನಗಳನ್ನು ಸೇರಿಸಿ. ವಿಲ್ಲೇಜ್ ಆಫೀಸರ್, ಅರಣ್ಯ ಇಲಾಖೆಯವರು, ಸರ್ವೆಯವರು ಮೂವರೂ ಅಲ್ಲಿ ಇರಲಿ. ಬನ ಇರುವ ಮನೆಗಳಿಗೆ ಮುಂಚಿತವಾಗಿ ಕನ್ನಡದಲ್ಲಿ ತಿಳಿಸಿ. ಒಡೆತನ ಸರಕಾರಕ್ಕೆ ಹೋಗುವುದಿಲ್ಲ ಎಂಬುದನ್ನು ಲಿಖಿತವಾಗಿ ಕೊಡಿ. ನಮ್ಮ ಮನೆಯವರು ಬರುತ್ತೇವೆ. ಪಾಲುಪಟ್ಟಿಯ ಪ್ರತಿಯನ್ನೂ ತರುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಮಂಜೇಶ್ವರ ತಾಲೂಕಿನ ಒಬ್ಬ ಕೃಷಿಕ